ದೃಶ್ಯಂ: ವಿಜಯ್ ಸಾಳಗಾಂವ್ಕರ್ ಕಟ್ಟಿದ ಅಲಿಬಿ ನಿಜವಾದ ತನಿಖೆಯಲ್ಲಿ ನಿಲ್ಲುತ್ತಾ?

ಪ್ರಶ್ನೆ · ವಾಸ್ಕೋ ವೀಕ್ಷಕ

ಗೋವಾ ಕನ್ನಡಿಗರ ಬಳಗದಲ್ಲಿ ಈ ಸಿನಿಮಾದ ಮಾತು ಬಂದಾಗಲೆಲ್ಲ ಎರಡು ಬಣ ಆಗುತ್ತದೆ. ನಮ್ಮ ದೇಶದಲ್ಲಿ ಇದಕ್ಕಿಂತ ಗಟ್ಟಿಯಾದ ಕ್ರೈಂ ಕಥೆ ಬಂದಿಲ್ಲ ಅನ್ನುವವರು ಒಂದು ಕಡೆ. ಪೊಲೀಸರನ್ನು ಬೇಕಂತಲೇ ದಡ್ಡರನ್ನಾಗಿ ಮಾಡಿ ನಾಯಕನನ್ನು ಗೆಲ್ಲಿಸಿದ್ದಾರೆ ಅನ್ನುವವರು ಇನ್ನೊಂದು ಕಡೆ. ಜೀತು ಜೋಸೆಫ್ ಮಲಯಾಳಂನಲ್ಲಿ ಮಾಡಿದ್ದು 2013ರ ಡಿಸೆಂಬರಿನಲ್ಲಿ. 2014ರಲ್ಲಿ ಪಿ. ವಾಸು ನಿರ್ದೇಶನದಲ್ಲಿ ರವಿಚಂದ್ರನ್ ಅವರ ಕನ್ನಡದ ‘ದೃಶ್ಯ’ ಬಂತು. 2015ರಲ್ಲಿ ನಿಶಿಕಾಂತ್ ಕಾಮತ್ ಹಿಂದಿಯಲ್ಲಿ ಕಥೆಯನ್ನು ಗೋವಾಕ್ಕೆ ತಂದರು. ನಾನು ಕೇಳುತ್ತಿರುವುದು ಮುಖ್ಯವಾಗಿ ಹಿಂದಿಯದರ ಬಗ್ಗೆ, ಯಾಕೆಂದರೆ ಊರು ನಮ್ಮದು.

ಕಥೆ ಗೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಎಲ್ಲ ಬಿಚ್ಚಿಟ್ಟಿದ್ದೇನೆ.

ಅಕ್ಟೋಬರ್ 2ರ ರಾತ್ರಿ ವಿಜಯ್ ಮನೆಗೆ ಬಂದ ಹುಡುಗ, ಪೊಲೀಸ್ ಐಜಿ ಮೀರಾ ಅವರ ಮಗ, ವಿಜಯ್‌ನ ಹಿರಿಮಗಳು ಅಂಜು ಕೊಟ್ಟ ಏಟಿಗೆ ಸಾಯುತ್ತಾನೆ. ಕೇಬಲ್ ಟಿವಿ ನಡೆಸುವ ವಿಜಯ್ ಆ ಹುಡುಗನ ಕಾರನ್ನು ಕ್ವಾರಿಯ ನೀರಿಗೆ ಬಿಡುತ್ತಾನೆ, ಹುಡುಗನ ಸಿಮ್ ಲಾರಿ ಹತ್ತುತ್ತದೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಪಣಜಿಗೆ ಹೋಗಿ ಸತ್ಸಂಗ, ಹೋಟೆಲು, ಸಿನಿಮಾ ಅಂತ ಸುತ್ತಿ, ಆಮೇಲೆ ಆ ಪ್ರಯಾಣವನ್ನೇ 2, 3ನೇ ತಾರೀಖಿಗೆ ಹೊಂದಿಸುತ್ತಾನೆ. ಶವ ಕೊನೆಗೆ ಹೊಸ ಪೊಲೀಸ್ ಠಾಣೆಯ ನೆಲದಡಿ.

ಕೆಲಸ ಗೊತ್ತಿದ್ದವರು ಹೇಳಿ. ಅಲಿಬಿ, ಅಂದರೆ ಆ ಹೊತ್ತಿಗೆ ಬೇರೆಡೆ ಇದ್ದೆವು ಅನ್ನುವ ವಾದ, ಕೋರ್ಟಿನಲ್ಲಿ ನಿಲ್ಲುತ್ತಾ? ಫೋನಿನ ಉಪಾಯ ಫಲಿಸುತ್ತಾ? ನೆಲದಡಿಯ ವಿಷಯ ನಂಬಬಹುದಾ? ಮೊದಲರ್ಧ ಅಷ್ಟು ನಿಧಾನ ಯಾಕೆ ಅನ್ನುವುದಕ್ಕೂ ಉತ್ತರ ಇದ್ದರೆ ಒಳ್ಳೆಯದು.

ಉತ್ತರ · ಪಣಜಿ ಕ್ರಿಮಿನಲ್ ಸೈಡ್

ನಾನು ಮೆಚ್ಚಿದವರ ಬಣ, ಆದರೆ ನನ್ನ ಕಾರಣ ಬೇರೆ. ಅಲಿಬಿ ಎಷ್ಟು ಗಟ್ಟಿ ಅನ್ನುವ ಪ್ರಶ್ನೆ ಆ ಕೇಸಿನಲ್ಲಿ ಏಳುವುದೇ ಇಲ್ಲ, ಯಾಕೆಂದರೆ ಅಷ್ಟು ದೂರ ಪ್ರಾಸಿಕ್ಯೂಷನ್ ಬರುವುದೇ ಇಲ್ಲ.

ಕ್ರಮ ಹೀಗೆ: ಆರೋಪಿ ಅಲ್ಲಿದ್ದ, ಅವನೇ ಮಾಡಿದ ಅಂತ ಮೊದಲು ಸರ್ಕಾರಿ ಪಕ್ಷ ಸಾಬೀತು ಮಾಡಬೇಕು. ಅದಾದ ಮೇಲೆ ತಾನು ಬೇರೆಡೆ ಇದ್ದೆ ಅನ್ನುವುದನ್ನು ತೋರಿಸುವ ಭಾರ ಆರೋಪಿಯದು. ಹಳೆಯ ಸಾಕ್ಷ್ಯ ಅಧಿನಿಯಮದ 11 ಮತ್ತು 103ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 9 ಮತ್ತು 106. ಈ ಭಾರ ಹಗುರದ್ದಲ್ಲ. ಬಿನಯ್ ಕುಮಾರ್ ಸಿಂಗ್ ವಿರುದ್ಧ ಬಿಹಾರ ಸರ್ಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ: ಆ ಹೊತ್ತಿಗೆ ಆರೋಪಿ ಆ ಜಾಗದಲ್ಲಿ ಇರಲು ಸಾಧ್ಯವೇ ಇರಲಿಲ್ಲ ಅನ್ನುವಷ್ಟು ಖಚಿತತೆ ಬೇಕು. ಬಸ್ ಟಿಕೆಟು, ಹೋಟೆಲ್ ಬಿಲ್ಲು, ಸಿನಿಮಾ ಟಿಕೆಟಿನ ಅರ್ಧ ತುಂಡು ಆ ಮಟ್ಟಕ್ಕೆ ಏರುವುದಿಲ್ಲ. ಟಿಕೆಟು ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಟಿಕೆಟೇ ಸಾಕ್ಷಿ ಆಗದು. ಅಲಿಬಿ ಮಾತ್ರ ಇದ್ದಿದ್ದರೆ ವಿಜಯ್ ಸೋಲುತ್ತಿದ್ದ.

ಹಾಗಾದರೆ ಪ್ರಾಸಿಕ್ಯೂಷನ್ ಹತ್ತಿರ ಏನಿದೆ? ಹುಡುಗನ ಹಳದಿ ಕಾರನ್ನು ವಿಜಯ್ ಓಡಿಸಿದ್ದನ್ನು ಊರಿನ ಪೊಲೀಸ್ ಗಾಯ್ತೊಂಡೆ ಕಂಡದ್ದು. ನೇರ ಸಾಕ್ಷ್ಯ ಇದೊಂದೇ. ಗಾಯ್ತೊಂಡೆಗೂ ವಿಜಯ್‌ಗೂ ಮೊದಲಿಂದ ಜಗಳ ಇದ್ದದ್ದು ಊರಿಗೆಲ್ಲ ಗೊತ್ತು. ದ್ವೇಷ ಇದ್ದ ಮಾತ್ರಕ್ಕೆ ಸಾಕ್ಷಿಯನ್ನು ತಳ್ಳಿಹಾಕುವುದಿಲ್ಲ, ಆದರೆ ಬೇರೆ ಕಡೆಯಿಂದ ಬೆಂಬಲ ಬೇಕೇ ಬೇಕು. ಮಾರ್ಟಿನ್‌ನ ಅಂಗಡಿಯ ಆ ಜಗಳದ ದೃಶ್ಯಗಳು ಸುಮ್ಮನೆ ಕಾಮಿಡಿಗೆ ಅಂದುಕೊಂಡವರು ಪಾಟೀಸವಾಲಿನ ದೃಷ್ಟಿಯಿಂದ ಇನ್ನೊಮ್ಮೆ ನೋಡಿ. ಡಿಫೆನ್ಸ್ ವಕೀಲನಿಗೆ ಬೇಕಾದ್ದೆಲ್ಲ ಅಲ್ಲಿ ತಯಾರಾಗಿದೆ.

ಹೋಟೆಲ್ ಮಾಲೀಕ, ಕಂಡಕ್ಟರ್, ಪ್ರೊಜೆಕ್ಟರ್ ಆಪರೇಟರ್ ಇವರ ಹೇಳಿಕೆಗಳು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 161ರ ಕೆಳಗೆ ಪೊಲೀಸರು ಬರೆದುಕೊಂಡವು. ಸಹಿ ಇರುವುದಿಲ್ಲ, ಇರಕೂಡದು. 162ರ ಪ್ರಕಾರ ಸಾಕ್ಷಿ ಕೋರ್ಟಿನಲ್ಲಿ ಬೇರೆ ಮಾತಾಡಿದಾಗ ಅವನ ಮಾತಿಗೆ ಎದುರಾಗಿ ಹಿಡಿಯಲು ಮಾತ್ರ ಬಳಕೆ. ಗಟ್ಟಿ ಮಾಡಬೇಕಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ 164ರ ಹೇಳಿಕೆ ಮಾಡಿಸಬೇಕಿತ್ತು. ಈಗಿನ ಬಿಎನ್‌ಎಸ್‌ಎಸ್‌ನಲ್ಲಿ ಅದು 183. ಮೀರಾ ದೇಶ್‌ಮುಖ್ ಅಷ್ಟು ಬುದ್ಧಿವಂತೆ, ಆದರೂ ಈ ದಾರಿ ಹಿಡಿಯುವುದಿಲ್ಲ. ಕಥೆಯ ದೊಡ್ಡ ತೂತು ನನಗೆ ಕಾಣುವುದು ಇಲ್ಲಿ.

ಇನ್ನು ವಿಚಾರಣೆ. ಹೆಂಗಸರನ್ನೂ 15 ತುಂಬದ ಮಕ್ಕಳನ್ನೂ ಸಾಕ್ಷಿಗಳಾಗಿ ಠಾಣೆಗೆ ಕರೆಸುವಂತಿಲ್ಲ, ಮನೆಗೇ ಹೋಗಿ ಕೇಳಬೇಕು, 160ನೇ ಕಲಂ. ಈಗ 179. ಕಿರಿಮಗಳು ಅನುವಿಗೆ ಹೊಡೆದು ಬಾಯಿ ಬಿಡಿಸುತ್ತಾರಲ್ಲ, ಗೋವಾದಲ್ಲಿ ಅದಕ್ಕೆ ಪ್ರತ್ಯೇಕ ಕಾನೂನೇ ಇದೆ: 2003ರ ಗೋವಾ ಮಕ್ಕಳ ಕಾಯಿದೆ. ಪ್ರಕರಣ ಪಣಜಿಯ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ಮಗು ತೋರಿಸಿದ ಜಾಗದಲ್ಲಿ ಶವ ಸಿಕ್ಕಿದ್ದರೂ ‘ಆರೋಪಿ ಕೊಟ್ಟ ಮಾಹಿತಿಯಿಂದ ಪತ್ತೆ’ ಅನ್ನುವ ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಕಲಂ ಅನ್ವಯಿಸುತ್ತಿರಲಿಲ್ಲ, ಆ ಮಗು ಆರೋಪಿಯೇ ಅಲ್ಲ. ಪಂಚರ ಮುಂದೆ ಅಗೆದು ತೆಗೆದದ್ದು ಮಾತ್ರ ಸಾಕ್ಷ್ಯವಾಗುತ್ತಿತ್ತು. ಮತ್ತೆ, ತನ್ನ ಮಗನ ಕೇಸನ್ನು ಐಜಿ ತಾನೇ ನಡೆಸುವುದು ಅಂದರೆ ಮೊದಲ ವಾರದಲ್ಲೇ ಹೈಕೋರ್ಟಿಗೆ ರಿಟ್ ಹೋಗುವ ವಿಷಯ. ರಾಯಬಂದರಿನ ಕ್ರೈಂ ಬ್ರಾಂಚಿಗಾದರೂ ಕೊಡುತ್ತಿದ್ದರು.

ಶವ ಸಿಗದಿದ್ದರೆ ಕೊಲೆ ಕೇಸೇ ಇಲ್ಲ ಅನ್ನುವ ನಂಬಿಕೆ ಮಾತ್ರ ತಪ್ಪು. 1981ರ ರಾಮಾನಂದ್ ವಿರುದ್ಧ ಹಿಮಾಚಲ ಪ್ರದೇಶ ತೀರ್ಪು ನೋಡಿ, ಶವ ಇಲ್ಲದೆಯೂ ಶಿಕ್ಷೆ ಆಗಬಹುದು. ಸಾವು ಆಗಿದೆ ಅನ್ನುವುದಕ್ಕೆ ಉಳಿದ ಸಾಕ್ಷ್ಯ ಅಷ್ಟು ಬಲವಾಗಿರಬೇಕು, ಅಷ್ಟೆ.

ನನ್ನ ನಿಜವಾದ ತಕರಾರು ಬೇರೆ ಇದೆ. ಅಂಜು ಬೀಸಿದ್ದು ಅವನ ಕೈಯ ಮೊಬೈಲಿಗೆ, ಏಟು ತಲೆಗೆ ಬಿತ್ತು. ಸ್ನಾನದ ವಿಡಿಯೊ ಇಟ್ಟುಕೊಂಡು ರಾತ್ರಿ ಮನೆಗೆ ಬಂದು ದೇಹ ಕೇಳುವವನ ಎದುರು ಖಾಸಗಿ ರಕ್ಷಣೆಯ ಹಕ್ಕು ಇದೆ. ಆಗಿನ ಐಪಿಸಿ 100ರಲ್ಲಿ, ಅತ್ಯಾಚಾರದ ಉದ್ದೇಶದ ಹಲ್ಲೆಯಾದರೆ, ಅದು ಸಾವು ತರುವವರೆಗೂ ವಿಸ್ತರಿಸುತ್ತಿತ್ತು. ವಿಡಿಯೊ ಮಾಡಿದ್ದೇ 2013ರ ತಿದ್ದುಪಡಿಯ ಐಪಿಸಿ 354ಸಿ ಪ್ರಕಾರ ಅಪರಾಧವಾಗಿತ್ತು. ಹುಡುಗಿಗೆ 18 ತುಂಬಿರದಿದ್ದರೆ ಪೋಕ್ಸೊ ಬೇರೆ, ಅವಳ ವಿಚಾರಣೆಯೂ ಬಾಲ ನ್ಯಾಯ ಮಂಡಳಿಯಲ್ಲಿ. ಅಂದರೆ ಆ ರಾತ್ರಿಯೇ ದೂರು ಕೊಟ್ಟಿದ್ದರೆ ಮಗಳಿಗೆ ಗಟ್ಟಿಯಾದ ವಾದ ಇತ್ತು. ಅಪ್ಪ ಹೂತದ್ದರಿಂದಲೇ ಇಡೀ ಮನೆ ಐಪಿಸಿ 201ಕ್ಕೆ, ಅಂದರೆ ಸಾಕ್ಷ್ಯ ನಾಶಕ್ಕೆ ಸಿಕ್ಕಿಕೊಂಡಿತು. ಎದುರು ಪಾರ್ಟಿ ಐಜಿಯ ಮಗ ಅನ್ನುವ ಭಯವನ್ನು ಸಿನಿಮಾ ಇನ್ನೂ ಮುಂಚೆ, ಇನ್ನೂ ಬಲವಾಗಿ ಕಟ್ಟಬೇಕಿತ್ತು. ಸತ್ತವನು ಯಾರ ಮಗ ಅಂತ ಮನೆಯವರಿಗೆ ತಿಳಿಯುವ ಕ್ಷಣಕ್ಕೆ ಸಿಗಬೇಕಾದ ತೂಕ ಸಿಕ್ಕಿಲ್ಲ.

ಉತ್ತರ · ಪುಣೆ ಟೆಲಿಕಾಂ

ಫೋನಿನ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಸಿನಿಮಾ ನನಗೆ ಅಷ್ಟು ಹಿಡಿಸಿಲ್ಲ, ಕಾರಣ ಇದೇ ಭಾಗ.

ಕಾಲ್ ರೆಕಾರ್ಡ್ ಅಂದರೆ ಸಿಡಿಆರ್‌ನ ಪ್ರತಿ ಸಾಲಿನಲ್ಲಿ ಎರಡೂ ಕಡೆಯ ನಂಬರು, ದಿನಾಂಕ, ವೇಳೆ, ಎಷ್ಟು ಸೆಕೆಂಡು, ಶುರುವಾದ ಸೆಲ್ ಐಡಿ, ಮುಗಿದ ಸೆಲ್ ಐಡಿ (ಟವರಿನ ಗುರುತು), ಜೊತೆಗೆ ಐಎಂಎಸ್‌ಐ ಮತ್ತು ಐಎಂಇಐ ಇರುತ್ತವೆ. ಐಎಂಎಸ್‌ಐ ಸಿಮ್‌ನದು, ಐಎಂಇಐ ಹ್ಯಾಂಡ್‌ಸೆಟ್‌ನದು. ಸತ್ತವನ ಸಿಮ್ಮನ್ನು ಬೇರೆ ಸೆಟ್‌ಗೆ ಹಾಕಿದರೆ ಐಎಂಇಐ ಅಂಕಣದ ಸಂಖ್ಯೆ ಬದಲಾಗುತ್ತದೆ. ತನಿಖಾಧಿಕಾರಿ ಮೊದಲು ನೋಡುವುದೇ ಆ ಅಂಕಣ. ಅಲ್ಲಿಂದ ಆ ಸೆಟ್ ಯಾವ ಅಂಗಡಿಗೆ ಹೋದದ್ದು, ಯಾರು ಕೊಂಡರು ಅನ್ನುವ ಕಡೆ ತನಿಖೆ ತಿರುಗುತ್ತದೆ. ಹುಡುಗ ಊರು ಬಿಟ್ಟು ಹೋದ ಅಂತ ನಂಬಿಸಲು ಮಾಡಿದ ಉಪಾಯ, ಯಾರೋ ಸಿಮ್ ಕಿತ್ತು ಹಾಕಿದ್ದಾರೆ ಅಂತ ತಾನೇ ಹೇಳುತ್ತದೆ.

ಸಾಮಾನ್ಯವಾಗಿ ಜನ ತಪ್ಪು ತಿಳಿಯುವುದು ಇನ್ನೊಂದು ಕಡೆ. ಸುಮ್ಮನೆ ಆನ್ ಆಗಿರುವ ಫೋನು ಸಿಡಿಆರ್‌ನಲ್ಲಿ ಸಾಲು ಹುಟ್ಟಿಸುವುದಿಲ್ಲ. ಕರೆ, ಎಸ್‌ಎಂಎಸ್, ಡೇಟಾ ಇದರಲ್ಲಿ ಒಂದು ನಡೆದಾಗ ಮಾತ್ರ. ಆದ್ದರಿಂದ ಲಾರಿಯಲ್ಲಿ ಹೋಗುವ ಫೋನು ಊರೂರಿನ ಟವರಿನಲ್ಲಿ ಹೆಜ್ಜೆ ಗುರುತು ಬಿಡುತ್ತದೆ ಅನ್ನುವುದು ಯಾರಾದರೂ ಆ ನಂಬರಿಗೆ ಕರೆ ಮಾಡುತ್ತಿದ್ದರೆ ಸರಿ. ಮಗ ಕಾಣೆಯಾದ ತಾಯಿ ಕರೆ ಮಾಡುತ್ತಲೇ ಇರುತ್ತಾಳೆ, ಹಾಗಾಗಿ ಇಷ್ಟು ಒಪ್ಪಬಹುದು. ಗೋವಾಕ್ಕೆ ಸಂಬಂಧಿಸಿದ ಒಂದು ಸೂಕ್ಷ್ಮವೂ ಇದೆ. ಟೆಲಿಕಾಂ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ಸರ್ಕಲ್‌ಗೆ, ಅಂದರೆ ಸೇವಾ ವಲಯಕ್ಕೆ ಸೇರಿದ್ದು. ಲಾರಿ ಸಾವಂತವಾಡಿ ಕಡೆ ಹೋದರೆ ಸರ್ಕಲ್ ಬದಲಾಗುವುದಿಲ್ಲ. ಅನ್ಮೋಡ್ ಘಾಟಿ ಹತ್ತಿ ನಮ್ಮ ಕಡೆ ಬಂದರೆ ಕರ್ನಾಟಕ ಸರ್ಕಲ್, ರೋಮಿಂಗ್ ಸಂದೇಶ ತಾನಾಗೇ ಬಂದು ಬೀಳುತ್ತದೆ, ಒಂದು ಸಾಲು ಹುಟ್ಟುತ್ತದೆ.

ಟವರ್ ಲೊಕೇಶನ್ ಅಂದರೆ ಮನೆ ನಂಬರ್ ಸಿಗುವುದಿಲ್ಲ. ಹಳ್ಳಿಯ ಕಡೆ ಟವರಿನ ಒಂದು ಸೆಕ್ಟರ್ ಕೆಲವು ಕಿಲೋಮೀಟರ್ ಹರಡಿರುತ್ತದೆ. 2ಜಿಯಲ್ಲಿ ಟೈಮಿಂಗ್ ಅಡ್ವಾನ್ಸ್ (ಸಿಗ್ನಲ್ ಟವರಿಗೆ ತಲುಪುವ ಸಮಯದ ಲೆಕ್ಕ) ಸಿಕ್ಕರೆ ಸುಮಾರು 550 ಮೀಟರಿನ ಪಟ್ಟಿಗಳಲ್ಲಿ ದೂರ ಅಂದಾಜಿಸಬಹುದು, ಆದರೆ ಅದು ಮಾಮೂಲಿ ಸಿಡಿಆರ್‌ನಲ್ಲಿ ಬರುವುದಿಲ್ಲ. ಹುಡುಗ ಕೊನೆಗೆ ವಿಜಯ್‌ನ ಊರು ಪಂಡೋಲಿಂ ಕಡೆ ಇದ್ದ ಅಂತ ಗೊತ್ತಾಗುತ್ತದೆ, ಸಾಳಗಾಂವ್ಕರ್ ಅಂಗಳದಲ್ಲಿದ್ದ ಅಂತ ಗೊತ್ತಾಗದು.

ಇದೇ ಕಥೆ ಈಗ ನಡೆದರೆ ಅಲಿಬಿ ಒಂದು ಮಧ್ಯಾಹ್ನದಲ್ಲಿ ಮುರಿಯುತ್ತದೆ. ಮನೆಯ ಒಂದೇ ಒಂದು ಮೊಬೈಲು 2ನೇ ತಾರೀಖು ಊರಿನ ಟವರಿನಲ್ಲೂ ಆಮೇಲೊಂದು ದಿನ ಪಣಜಿಯ ಟವರಿನಲ್ಲೂ ಡೇಟಾ ಬಳಸಿದ್ದರೆ ಸಾಕು. ಕಂಪನಿಗಳು ಆಗ ಕನಿಷ್ಠ ಒಂದು ವರ್ಷ ದಾಖಲೆ ಇಡಬೇಕಿತ್ತು, 2021ರ ಡಿಸೆಂಬರಿನಿಂದ ಎರಡು ವರ್ಷ. ಆದರೆ ಅದನ್ನು ಕೋರ್ಟಿಗೆ ತರುವಾಗ ಪ್ರಮಾಣಪತ್ರ ಕಡ್ಡಾಯ. ಹಳೆಯ ಸಾಕ್ಷ್ಯ ಅಧಿನಿಯಮದ 65ಬಿ, ಈಗಿನದರ 63(4). 2014ರ ಅನ್ವರ್ ತೀರ್ಪು, ಮಹಾರಾಷ್ಟ್ರದ ಚುನಾವಣಾ ವ್ಯಾಜ್ಯದಿಂದ ಬಂದ 2020ರ ಅರ್ಜುನ್ ಪಂಡಿತರಾವ್ ತೀರ್ಪು ಎರಡೂ ಇದನ್ನೇ ಹೇಳುತ್ತವೆ. ಆ ಒಂದು ಹಾಳೆ ಇಲ್ಲದೆ ಬಿದ್ದುಹೋದ ಸಿಡಿಆರ್‌ಗಳು ಸಾಕಷ್ಟಿವೆ.

ಉತ್ತರ · ಫೋಂಡಾ ಸಿವಿಲ್, ಮೂಲ ಧಾರವಾಡ

ನೆಲದ ಬಗ್ಗೆ ಯಾರೂ ಬರೀಲಿಲ್ಲ, ಅದಕ್ಕ ನಾನು ಬರೀತೀನಿ. ಜನ ನಂಬಲಿಕ್ಕೆ ಆಗೂದಿಲ್ಲ ಅಂತಾರಲ್ಲ, ಅದೇ ಭಾಗ ನನಗ ಭಾಳ ಸರಿ ಅನಸ್ತದ.

ಕಟ್ಟಡ ಪ್ಲಿಂತ್ ಹಂತದಾಗ, ಅಂದರ ಅಡಿಪಾಯ ಮುಗಿದು ನೆಲ ಹಾಕೂ ಮುಂಚೆ ಇದ್ದಾಗ ಒಳಗ ಭರ್ತಿ ಮಣ್ಣು ಹಾಕ್ತಾರ. ಗೋವಾದಾಗ ಅದು ಕೆಂಪು ಜಂಬಿಟ್ಟಿಗೆ ಮಣ್ಣು. ನಿಯಮದ ಪ್ರಕಾರ 15ರಿಂದ 20 ಸೆಂಟಿಮೀಟರ್ ಪದರ ಹಾಕಿ, ನೀರು ಹೊಡೆದು, ಧುಮ್ಮಸ್ಸು ಮಾಡಿ, ಮತ್ತ ಮುಂದಿನ ಪದರ. ಮ್ಯಾಲೆ ಸುಮಾರು 10 ಸೆಂಟಿಮೀಟರ್ ಬೆಡ್ ಕಾಂಕ್ರೀಟ್, ಆಮ್ಯಾಲೆ ಫರಸಿ. ಈ ಹಂತದಾಗ ಅಲ್ಲಿ ಎಲ್ಲಾ ಮಣ್ಣೂ ಹೊಸಾದೇ, ಎಲ್ಲಾ ಸಡಿಲೇ. ಹಿತ್ತಲದಾಗ ಅಗೆದರ ಹಸಿ ಮಣ್ಣು ಹೊರಗ ಬಿದ್ದು ಹುಲ್ಲಿನ ನಡುವ ಬಣ್ಣಾನೇ ಬ್ಯಾರೆ ಕಾಣ್ತದ. ಅಗೆದ ಮಣ್ಣು 20ರಿಂದ 30 ಪರ್ಸೆಂಟ್ ಉಬ್ಬತದ, ಹಂಗಾಗಿ ವಾಪಸ್ ಹಾಕಿದ ಮ್ಯಾಲೂ ಒಂದು ದಿಬ್ಬ ಉಳೀತದ. ಅದಕ್ಕ ಪೊಲೀಸರು ಮನಿ ಹಿತ್ತಲದ ಗೊಬ್ಬರದ ಗುಂಡಿ ಕಡೆ ನೇರ ಹೋಗೂದು ಸರಿ ಅದ.

ಖರೇ ತೊಂದರೆ ಬರೂದು ಆಮ್ಯಾಲೆ. ದೇಹ ಕರಗಿದಂಗ ಕೆಳಗ ಪೊಳ್ಳು ಆಗ್ತದ. ಮಳಿಗಾಲ ಒಂದು ಎರಡು ದಾಟಿದ ಮ್ಯಾಲೆ ಆ ಜಾಗದಾಗ ಫರಸಿ ಕುಂದ್ರತದ, ಜಾಯಿಂಟಿನ ಸಿಮೆಂಟು ಬಿರುಕು ಬಿಡ್ತದ, ಬಡದರ ಟೊಳ್ಳು ಸಪ್ಪಳ. ಗೋವಾದಾಗ ವರ್ಷಕ್ಕ 3000 ಮಿಲಿಮೀಟರ್ ಸುಮಾರು ಮಳಿ, ನೆಲದೊಳಗ ನೀರು ಏರಿ ಇಳೀತದ. ಸರ್ಕಾರಿ ಕಟ್ಟಡದಾಗ ಫರಸಿ ಕುಂತರ ಯಾರೂ ಸಂಶಯ ಪಡೂದಿಲ್ಲ, ಭರ್ತಿ ಸರಿ ಧುಮ್ಮಸ್ಸು ಮಾಡಿಲ್ಲ ಅಂತ ತೇಪಿ ಹಚ್ಚತಾರ. ಆದರ ತೇಪಿ ಹಚ್ಚೂವಾಗ ಕಾಂಕ್ರೀಟ್ ಒಡದರ ಕಥಿ ಮುಗೀತು.

ಹುಡುಕೂದು ಹೆಂಗ ಅಂದರ ಗ್ರೌಂಡ್ ಪೆನಿಟ್ರೇಟಿಂಗ್ ರೇಡಾರ್, ನೆಲದೊಳಗ ತರಂಗ ಬಿಟ್ಟು ನೋಡೂ ಯಂತ್ರ. ಸರಳು ಇಲ್ಲದ ಬೆಡ್ ಕಾಂಕ್ರೀಟ್ ಕೆಳಗ ಅದು ಚೊಲೋ ಕೆಲಸ ಮಾಡ್ತದ, ಒದ್ದಿ ಜೇಡಿ ಮಣ್ಣು ಇದ್ದರ ಆಳಕ್ಕ ಕಾಣೂದಿಲ್ಲ. ಎಲಬು ಸಿಕ್ಕರೂ ಜಂಬಿಟ್ಟಿಗೆ ಮಣ್ಣು ಹುಳಿ ಗುಣದ್ದು, ಎಲಬು ಲಗೂ ಸವೀತದ. ಹಲ್ಲು ಉಳೀತಾವ, ಡಿಎನ್‌ಎ ಅಲ್ಲಿಂದ ತಗೀಬಹುದು.

ಕಾರಿನ ಬಗ್ಗೆ ಒಂದು ಮಾತು. ಕ್ವಾರಿ ನೀರಾಗ ಮುಳುಗಿದ ಕಾರಿನಾಗ ಬೆರಳಚ್ಚು ಎಲ್ಲಾ ತೊಳದು ಹೋಗ್ತಾವ ಅಂತ ತಿಳೀಬ್ಯಾಡ್ರಿ. ಒದ್ದಿ ಮೇಲ್ಮೈಗೆ ಸ್ಮಾಲ್ ಪಾರ್ಟಿಕಲ್ ರೀಏಜೆಂಟ್ ಅಂತ ಬೆರಳಚ್ಚು ತೋರಸೂ ದ್ರಾವಣ ಅದ. ಡ್ರೈವರ್ ಸೀಟು ರೇಲಿನ ಮ್ಯಾಲೆ ಎಲ್ಲಿ ಲಾಕ್ ಆಗೇದ, ಗೇರ್ ನ್ಯೂಟ್ರಲ್‌ನಾಗ ಅದನೋ, ಕಿಡಕಿ ಇಳಿಸ್ಯಾರೋ, ಇವು ನೀರಾಗ ಬದಲಾಗೂದಿಲ್ಲ. ನ್ಯೂಟ್ರಲ್, ಕಿಡಕಿ ತೆರೆದದ್ದು, ಒಳಗ ಯಾರೂ ಇಲ್ಲ ಅಂದರ ಕಾರು ತಾನಾಗೇ ಬಿದ್ದದ್ದಲ್ಲ, ದೂಡ್ಯಾರ.

ಉತ್ತರ · ಅಂಧೇರಿ ಎಡಿಟಿಂಗ್

ಮೇಲಿನ ಮೂವರೂ ಸಿನಿಮಾವನ್ನು ಕೇಸ್ ಡೈರಿಯಂತೆ ಓದಿದ್ದೀರಿ. ಆ ಲೆಕ್ಕಗಳು ಸರಿ ಇರಬಹುದು, ಆದರೆ ಈ ಸಿನಿಮಾ ಪಣ ಇಟ್ಟಿರುವುದು ಟಿಕೆಟಿನ ಮೇಲೂ ಅಲ್ಲ, ಸಿಮ್ಮಿನ ಮೇಲೂ ಅಲ್ಲ. ಮನುಷ್ಯ ಕಂಡದ್ದನ್ನು ನೆನಪಿಡುತ್ತಾನೆ, ತಾರೀಖನ್ನು ನೆನಪಿಡುವುದಿಲ್ಲ. ಇಡೀ ಚಿತ್ರಕಥೆ ಇದರ ಮೇಲೆ ನಿಂತಿದೆ.

ಸಾಕ್ಷಿಗಳು ಯಾರೂ ಸುಳ್ಳು ಹೇಳುತ್ತಿಲ್ಲ. ವಿಜಯ್ ಬಂದದ್ದು ನಿಜ, ಹೆಂಡತಿ ಮಕ್ಕಳು ಜೊತೆಗಿದ್ದದ್ದು ನಿಜ, ತಿಂದದ್ದು ನಿಜ. ಸುಳ್ಳು ಇರುವುದು ದಿನಾಂಕದಲ್ಲಿ ಮಾತ್ರ, ಆ ದಿನಾಂಕವನ್ನು ಅವನು ಎರಡನೇ ಸಲ ಹೋಗಿ ಮಾತಿನ ನಡುವೆ ಅವರ ಬಾಯಿಗೆ ಹಾಕುತ್ತಾನೆ. ಇದು ಬರಿ ಕಲ್ಪನೆ ಅಲ್ಲ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ‘ತಾಗಿದಾಗ’ ಅಂತ ಕೇಳಿದ್ದಕ್ಕೆ ಸರಾಸರಿ ಉತ್ತರ ಗಂಟೆಗೆ 31.8 ಮೈಲಿ, ‘ಅಪ್ಪಳಿಸಿದಾಗ’ ಅಂತ ಕೇಳಿದ್ದಕ್ಕೆ 40ಕ್ಕಿಂತ ಸ್ವಲ್ಪ ಹೆಚ್ಚು. ಪ್ರಶ್ನೆಯ ಒಂದು ಪದ ಕಂಡದ್ದನ್ನು ಬದಲಿಸುತ್ತದೆ ಅಂದಮೇಲೆ, ಸ್ನೇಹದಿಂದ ಮಾತಾಡಿಸಿದ ಗಿರಾಕಿಯೊಬ್ಬ ತಾರೀಖನ್ನು ಒಂದೆರಡು ದಿನ ಸರಿಸುವುದು ಕಷ್ಟವೇ ಅಲ್ಲ.

ನನಗೆ ಇರುವ ಒಂದೇ ಅನುಮಾನ ಹಿಂದಿಯವರು ಆರಿಸಿದ ತಾರೀಖಿನ ಬಗ್ಗೆ. ಅಕ್ಟೋಬರ್ 2 ಗಾಂಧಿ ಜಯಂತಿ. ಆಫೀಸು ಬ್ಯಾಂಕು ರಜೆ, ಮದ್ಯ ಮಾರಾಟ ಬಂದ್. ಗೋವಾದ ಹೋಟೆಲಿನವನಿಗೆ ಬಾರ್ ಮುಚ್ಚಿದ ದಿನ ಬೇರೆಯಾಗಿಯೇ ನೆನಪಿರುತ್ತದೆ. ಮಾಮೂಲಿ ದಿನವನ್ನು ಸರಿಸುವುದು ಸುಲಭ, ಗೂಟ ಹೊಡೆದಂಥ ದಿನವನ್ನು ಸರಿಸುವುದು ಕಷ್ಟ. ಮಲಯಾಳಂನಲ್ಲಿ ಆಗಸ್ಟ್ 2 ಇತ್ತು, ಅದೇ ಸರಿಯಾದ ಆಯ್ಕೆ. ಹಿಂದಿಯಲ್ಲಿ ಪ್ರೇಕ್ಷಕರ ಬಾಯಲ್ಲಿ ಆ ತಾರೀಖು ಉಳಿಯಿತು, ತರ್ಕ ಮಾತ್ರ ಸ್ವಲ್ಪ ಸಡಿಲವಾಯಿತು.

ಮೊದಲರ್ಧ ನಿಧಾನ ಅನ್ನುವುದಕ್ಕೆ: ಚಿತ್ರ ಎರಡೂವರೆ ಗಂಟೆ ಮೀರುತ್ತದೆ, ಸಾವು ಬರುವ ಹೊತ್ತಿಗೆ ಸಾಕಷ್ಟು ಸಮಯ ಹೋಗಿರುತ್ತದೆ. ಅಷ್ಟರಲ್ಲಿ ಏನೇನು ಇಟ್ಟಿದ್ದಾರೆ ನೋಡಿ. ಅವನು ರಾತ್ರಿಯೆಲ್ಲ ಕೇಬಲ್ ಆಫೀಸಿನಲ್ಲಿ ಸಿನಿಮಾ ನೋಡುತ್ತಾನೆ, ಸಿನಿಮಾ ನೋಡಿಯೇ ಇನ್ನೊಬ್ಬರಿಗೆ ಕಾನೂನಿನ ಸಲಹೆ ಕೊಡುತ್ತಾನೆ, ದುಡ್ಡಿಗೆ ಜಿಪುಣ, ಠಾಣೆಯ ಕಟ್ಟಡ ಏಳುತ್ತಿದೆ, ಗಾಯ್ತೊಂಡೆ ಜೊತೆ ಜಗಳ. ಇದರಲ್ಲಿ ಒಂದನ್ನು ಕತ್ತರಿಸಿದರೂ ಉತ್ತರಾರ್ಧದಲ್ಲಿ ಒಂದು ಕೀಲು ಕಳಚುತ್ತದೆ. ಕತ್ತರಿಸಬಹುದಾಗಿದ್ದು ಹಾಡು ಮತ್ತು ಮನೆಯ ಕೆಲವು ಮುದ್ದಿನ ದೃಶ್ಯ, ಹತ್ತು ನಿಮಿಷ ಸಿಗುತ್ತಿತ್ತು.

ವಕೀಲರು ಹೇಳಿದ 164ರ ತೂತಿಗೆ ನನ್ನ ಉತ್ತರ: ಮೀರಾಗೆ ಬೇಕಾಗಿದ್ದು ಶಿಕ್ಷೆಯಲ್ಲ, ಮಗ ಬದುಕಿದ್ದಾನೋ ಇಲ್ಲವೋ ಅನ್ನುವ ಒಂದು ಮಾತು. ಅಧಿಕಾರಿಯಾಗಿ ಮಾಡಬೇಕಾದ್ದನ್ನು ತಾಯಿಯಾಗಿ ಅವಳು ಮುರಿಯುತ್ತಾ ಹೋಗುತ್ತಾಳೆ. ಹಿಂದಿಯ ಮೀರಾ ಆಗಿ ತಬು ಅದನ್ನು ಮುಖದಲ್ಲೇ ಹಿಡಿದಿದ್ದಾರೆ, ಅನುವನ್ನು ಹೊಡೆಯುವಾಗ ಗಾಯ್ತೊಂಡೆಯನ್ನು ತಡೆಯದೆ ನಿಂತ ಹೊತ್ತಿನಲ್ಲಿ ವಿಶೇಷವಾಗಿ. ಆಶಾ ಶರತ್ ಮಲಯಾಳಂನಲ್ಲೂ ಕನ್ನಡದಲ್ಲೂ ಅದೇ ಪಾತ್ರ ಮಾಡಿದರು, ಅವರದು ಇನ್ನೂ ಬಿಗಿ, ಒಡೆಯುವುದು ತಡವಾಗಿ. ಕನ್ನಡದಲ್ಲಿ ಅಚ್ಯುತ್ ಕುಮಾರ್ ಅವರ ಪೊಲೀಸು ನಿಜಕ್ಕೂ ಭಯ ಹುಟ್ಟಿಸುತ್ತಾನೆ. ರವಿಚಂದ್ರನ್ ತಮ್ಮ ಎಂದಿನ ವರಸೆ ಬಿಟ್ಟು ಮೆತ್ತಗೆ ಆಡಿದ್ದೇ ಆ ಚಿತ್ರದ ಬಲ. ಹಿಂದಿಯದಕ್ಕೆ ಅವಿನಾಶ್ ಅರುಣ್ ಕ್ಯಾಮೆರಾ, ಮಳೆ ನಿಂತ ಮೇಲಿನ ಗೋವಾದ ಹಸಿರು ಚೆನ್ನಾಗಿ ಬಂದಿದೆ, ಆದರೆ ಊರಿನ ಮಾತಿನಲ್ಲಿ ಕೊಂಕಣಿ ಕಿವಿಗೆ ಬೀಳದಿರುವುದು ಗೋವಾದಲ್ಲಿ ಇರುವವರಿಗೆ ಕೊರತೆಯೇ. ಒಟ್ಟು ಹಿಡಿತದಲ್ಲಿ ನನಗೆ ಮಲಯಾಳಂ ಮೊದಲು.

ವಾಸ್ಕೋ ವೀಕ್ಷಕ

ಎಲ್ಲರಿಗೂ ಧನ್ಯವಾದ. ವಕೀಲರಿಗೆ ಇನ್ನೊಂದೇ ಪ್ರಶ್ನೆ. ಕೊನೆಗೆ ನೀರಿನ ದಡದಲ್ಲಿ ವಿಜಯ್ ಆ ತಂದೆತಾಯಿಯ ಮುಂದೆ ಹೇಳುವ ಮಾತು ತಪ್ಪೊಪ್ಪಿಗೆ ಆಗುವುದಿಲ್ಲವಾ? ಪೊಲೀಸರ ಮುಂದೆ ಹೇಳಿದ್ದು ನಡೆಯುವುದಿಲ್ಲ ಅನ್ನುತ್ತಾರಲ್ಲ.

ಪಣಜಿ ಕ್ರಿಮಿನಲ್ ಸೈಡ್

ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಅಡ್ಡಿ ಬರುತ್ತಿದ್ದದ್ದು ಕೇಳಿದವರು ಪೊಲೀಸ್ ಅಧಿಕಾರಿಯಾಗಿದ್ದರೆ. ಮೀರಾ ಆ ಹೊತ್ತಿಗೆ ಕೆಲಸ ಬಿಟ್ಟಿದ್ದಾಳೆ, ಗಂಡ ಪೊಲೀಸೇ ಅಲ್ಲ. ಆದ್ದರಿಂದ ಕೋರ್ಟಿನ ಹೊರಗಿನ ತಪ್ಪೊಪ್ಪಿಗೆ ಅಂತ ಹಾಜರು ಮಾಡಲು ಅಡ್ಡಿ ಇಲ್ಲ. ತೊಂದರೆ ಎರಡು. ಒಂದು, ಅವನು ಎಲ್ಲಿಯೂ ಕೊಂದೆ ಅನ್ನುವುದಿಲ್ಲ, ಹೂತೆ ಅನ್ನುವುದಿಲ್ಲ. ಕರೆಯದೆ ಬಂದ ಅತಿಥಿಯ ಮಾತಾಡುತ್ತಾನೆ, ನಿಮ್ಮ ಮಗ ಬರುವುದಿಲ್ಲ ಅನ್ನುವುದನ್ನು ಕೇಳುವವರು ಅರ್ಥ ಮಾಡಿಕೊಳ್ಳಬೇಕು. ಎರಡು, ಕೇಳಿದ ಇಬ್ಬರೂ ಸತ್ತವನ ಹೆತ್ತವರು, ಬರಹ ಇಲ್ಲ, ರೆಕಾರ್ಡ್ ಇಲ್ಲ. ಇಂಥ ತಪ್ಪೊಪ್ಪಿಗೆ ಮೊದಲೇ ದುರ್ಬಲ ಸಾಕ್ಷ್ಯ, ಬೇರೆ ಬೆಂಬಲ ಇಲ್ಲದೆ ಅದರ ಮೇಲೆ ಶಿಕ್ಷೆ ಕೊಡಲು ಯಾವ ಸೆಷನ್ಸ್ ನ್ಯಾಯಾಧೀಶರೂ ಮುಂದಾಗುವುದು ಕಷ್ಟ. ಹತ್ತಿರ ಒಂದು ರೆಕಾರ್ಡರ್ ಇದ್ದಿದ್ದರೂ ಕೋರ್ಟಿನಲ್ಲಿ ಅದಕ್ಕೆ 65ಬಿ ಪ್ರಮಾಣಪತ್ರ ಕೇಳುತ್ತಿದ್ದರು.